ಗೋಕರ್ಣಕ್ಕೆ ಹೊರಟ ಎಸ್ಟೀಮು

ಸುಳ್ಳು ಹೇಳುವವನು ಊರಿನ ಹೆಸರನ್ನಾದರೂ ನೋಡಿ ಆರಿಸಬೇಕು. ವಿಶ್ವನಾಥ ಹುಬ್ಬಳ್ಳಿ ಎಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ನಿನ ಸಾಮಾನು ತರಲು ಹೊರಟಿದ್ದಾನೆ ಎಂದುಕೊಂಡು ಸುಮ್ಮನಾಗುತ್ತಿದ್ದರು. ಅವನು ಹೆಂಡತಿಯ ಎದುರು ನಿಂತು, ಬಾಯಿಗೆ ಬಂದದ್ದನ್ನೇ, "ಗೋಕರ್ಣಕ್ಕೆ ಹೋಗ್ಬೇಕು ಮಾರಾಯ್ತಿ, ಒಂದು ಹರಕೆ ಇತ್ತು" ಎಂದುಬಿಟ್ಟ.

ಅಸಲಿಗೆ ಅವನು ಹೊರಟಿದ್ದು ಗೋಕರ್ಣ ದಾಟಿ ಗೋವಾಕ್ಕೆ. ಕ್ಯಾಸಿನೋ ಎನ್ನುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು, ಆ ತಿರುಗುವ ಚಕ್ರದ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತು ಬಿಲ್ಲೆಗಳನ್ನು ರಾಜನ ಹಾಗೆ ಮುಂದಕ್ಕೆ ತಳ್ಳಬೇಕು ಎನ್ನುವುದು ಅವನ ಎಷ್ಟೋ ವರ್ಷದ ಆಸೆ. ಮೂಡಿಗೆರೆ ಸುತ್ತಿನ ಪ್ಲಾಂಟರುಗಳೆಲ್ಲ ಹೋಗಿ ಬಂದು, ಮದುವೆಮನೆಗಳಲ್ಲಿ ಪಂಕ್ತಿಗೆ ಕೂತಾಗ ಅದನ್ನೇ ಬಣ್ಣಿಸುತ್ತಿದ್ದರು. ವಿಶ್ವನಾಥನೊಬ್ಬನದು ಹೋಳಿಗೆ ಮುರಿಯುತ್ತ ಹೂಂಗುಟ್ಟುವ ಕೆಲಸ. ಈ ಸಲ ಕೊಯ್ಲು ಮುಗಿದಿತ್ತು, ಜೊತೆಗೆ ಬರಲು ಬಾಲ್ಯದ ಗೆಳೆಯ ಪ್ರಸಾದ್ ತುದಿಗಾಲಲ್ಲಿ ನಿಂತಿದ್ದ. ಆದರೆ ಹೆಂಡತಿ ಸೌಮ್ಯಳಿಗೆ ಜೂಜು ಎಂದರೆ ಮೈಯೆಲ್ಲ ಉರಿ. ಆದ್ದರಿಂದ ಹರಕೆ.

ಪ್ರಸಾದನ ಹತ್ತಿರ ಹೊಸ ಇನ್ನೋವಾ ಇತ್ತು, ಆದರೆ ಉಪಯೋಗವಿಲ್ಲ. ಅದರ ಹಿಂದಿನ ಗಾಜಿನ ತುಂಬ ಎಸ್ಟೇಟಿನ ಹೆಸರು, ಮನೆದೇವರ ಹೆಸರು, ಮಕ್ಕಳಿಬ್ಬರ ಹೆಸರು ಗೇಣುದ್ದದ ಅಕ್ಷರಗಳಲ್ಲಿ ರಾರಾಜಿಸುತ್ತಿದ್ದವು. ಅಂಥ ಗಾಡಿಯನ್ನು ಕ್ಯಾಸಿನೋ ಬಾಗಿಲಲ್ಲಿ ನಿಲ್ಲಿಸಿದರೆ ಇವರು ಒಳಗೆ ಹೋಗುವ ಮೊದಲೇ ಫೋಟೋ ಮೂಡಿಗೆರೆ ತಲುಪಿರುತ್ತದೆ. ಉಳಿದದ್ದು ವಿಶ್ವನಾಥನ ಅಪ್ಪನ ಕಾಲದ ಎಸ್ಟೀಮ್ ಕಾರು. ಅದು ಇಳಿಜಾರಿನಲ್ಲಿ ಕುದುರೆ, ಏರಿನಲ್ಲಿ ಎಮ್ಮೆ. ಬೆಳಗ್ಗೆಯೇ ಅದನ್ನು ಹೇಗೋ ನಯ ಮಾಡಿ ಬಸ್‌ಸ್ಟ್ಯಾಂಡಿನ ಹಿಂದಿರುವ ಫೆಲಿಕ್ಸನ ಗ್ಯಾರೇಜಿಗೆ ತಂದ.

ಫೆಲಿಕ್ಸ್ ಕಾರಿನಡಿ ತೂರಿ ಹೊರಬಂದು, "ಕ್ಲಚ್ ಪ್ಲೇಟ್ ಸವೆದು ಹಪ್ಪಳ ಆಗಿದೆ ವಿಶ್ವಣ್ಣ. ಗೇರ್‌ಬಾಕ್ಸ್ ಇಳಿಸಿ ಹೊಸ್ದು ಹಾಕ್ಬೇಕು. ಮಧ್ಯಾಹ್ನ ಊಟದೊಳಗೆ ಕೊಡ್ತೀನಿ" ಎಂದ.

ಗೆಳೆಯರಿಬ್ಬರನ್ನು ಬಿಟ್ಟರೆ ಗುಟ್ಟು ಗೊತ್ತಿದ್ದದ್ದು ಈ ಫೆಲಿಕ್ಸನೊಬ್ಬನಿಗೆ ಮಾತ್ರ. ಏಕೆಂದರೆ ಅವನ ಭಾವ ಗೋವಾದಲ್ಲಿ ಹೋಟೆಲಿನ ಕೆಲಸದಲ್ಲಿದ್ದ. ಭಾವ ಎರಡು ಕ್ಯಾಸಿನೋ ಹೋಟೆಲು ತೋರಿಸಿದ್ದ: ಒಂದು ಹೊಳೆಯ ಮಧ್ಯೆ ಹಡಗಿನ ಮೇಲೆ, ಇನ್ನೊಂದು ದಡದಲ್ಲಿ, ಕೆಳಗೆ ಆಟ, ಮೇಲೆ ರೂಮು. ವಿಶ್ವನಾಥನ ಮನಸ್ಸು ಹಡಗಿನ ಮೇಲೆ, ಪ್ರಸಾದನ ಮನಸ್ಸು ದಡದ ಮೇಲೆ. ಇವತ್ತು ಒಂದನ್ನು ಗೊತ್ತು ಮಾಡಬೇಕಿತ್ತು.

ಮೂಡಿಗೆರೆಯಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರಿಗೆ ಕರೆಯದೆ ಬರುವ ನೆಂಟರು ಬಹಳ. ಎದುರಿನ ಜಿನಸಿ ಅಂಗಡಿಯ ಕೃಷ್ಣಪ್ಪ ಗಿರಾಕಿಯನ್ನು ತಕ್ಕಡಿಯ ಮುಂದೆಯೇ ಬಿಟ್ಟು ರಸ್ತೆ ದಾಟಿ ಬಂದ.

"ಎಂತ ವಿಶ್ವಣ್ಣ, ರಿಪೇರಿ ಜೋರು! ಎಲ್ಲಿಗೆ ಸವಾರಿ?"

ಹೇಳಿದ ಸುಳ್ಳಿಗೆ ಇನ್ನೊಂದು ಊರು ಹುಡುಕುವುದು ಕಷ್ಟ. "ಗೋಕರ್ಣಕ್ಕೆ" ಎಂದ.

"ಅಯ್ಯೋ ಪುಣ್ಯಾತ್ಮ! ನಮ್ಮ ವಸಂತ ಶಿವರಾತ್ರಿಯಿಂದ ಅದನ್ನೇ ಜಪ ಮಾಡ್ತಿದಾಳೆ. ಗಾಡೀಲಿ ಯಾರ್ಯಾರು?"

"ನಾನು, ಪ್ರಸಾದ."

"ಹಿಂದಿನ ಸೀಟು?"

ಈ ಸೀಮೆಯಲ್ಲಿ ದೇವಸ್ಥಾನಕ್ಕೆ ಹೋಗುವ ಕಾರಿನ ಹಿಂದಿನ ಸೀಟು ಕಾರಿನ ಯಜಮಾನನದಲ್ಲ. ಪೇಟೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಒಬ್ಬನೇ ಹೋದರೆ ಯಾರೂ ಕೇಳುವುದಿಲ್ಲ. ದೇವರ ಹತ್ತಿರ ಖಾಲಿ ಸೀಟು ಕೊಂಡೊಯ್ದವನನ್ನು ಮಾತ್ರ ಮುಂದಿನ ಕೊಯ್ಲಿನವರೆಗೂ ಆಡಿಕೊಳ್ಳುತ್ತಾರೆ. ವಿಶ್ವನಾಥ "ಖಾಲಿ ಇದೆ" ಎಂದ. ಕೃಷ್ಣಪ್ಪ ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದ. ವಸಂತಮ್ಮ ಪಂಚೆ, ಸೀರೆ ಚೀಲಕ್ಕೆ ತುಂಬುತ್ತಲೇ ಗಿರಿಜಾಂಬಾ ಅವರಿಗೆ ಫೋನು ಮಾಡಿದರು.

ಗಿರಿಜಾಂಬಾ ವಿಶ್ವನಾಥನ ಸೋದರತ್ತೆ. ಪ್ರೈಮರಿ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಮೂಡಿಗೆರೆಯ ಅರ್ಧ ಊರಿನ ಕಿವಿ ಅವರ ಕೈಯಲ್ಲಿ ಉದ್ದವಾದದ್ದು. ಅವರು ಆಟೋದಲ್ಲಿ ಬಂದಿಳಿದು ಬ್ಯಾಗನ್ನು ನೇರವಾಗಿ ಎಸ್ಟೀಮಿನ ಡಿಕ್ಕಿಯೊಳಗೆ ಇಟ್ಟರು.

"ಅತ್ತೇನ ಕರ್ಕಂಡು ಹೋಗ್ಬೇಕು ಅಂತ ಬುದ್ಧಿ ಬರಲಿಲ್ವಲ್ಲೋ ನಿಂಗೆ" ಎಂದರು.

"ಇಲ್ಲ ಅತ್ತೆ, ಹೇಳಿ ಕಳಿಸೋನಿದ್ದೆ…"

ಅಷ್ಟರಲ್ಲಿ ಫೆಲಿಕ್ಸನ ಫೋನು ಹೊಡೆದುಕೊಂಡಿತು. ಅವನ ಕೈಯೆಲ್ಲ ಗ್ರೀಸು. ಮೊಣಕೈಯಿಂದ ಒತ್ತಿದ್ದು ಸ್ಪೀಕರಿಗೂ ತಾಗಿತು. ಗೋವಾದ ಭಾವನ ದನಿ ಇಡೀ ಗ್ಯಾರೇಜಿಗೆ ಕೇಳಿತು: "ಹಡಗಿಂದು ಮಾಡ್ಲಾ, ದಡದ್ದು ಮಾಡ್ಲಾ? ಬೇಗ ಹೇಳಿ, ರೂಮು ಖಾಲಿ ಆಗ್ತಾ ಉಂಟು!"

"ಯಾರೋ ಅದು, ಛತ್ರದವನಾ?" ಎಂದರು ಗಿರಿಜಾಂಬಾ.

"ಹೂಂ ಅತ್ತೆ. ಛತ್ರದವನೇ" ಎಂದ ವಿಶ್ವನಾಥ.

"ಕೊಡಿಲ್ಲಿ. ಗಂಡಸ್ರಿಗೆ ರೂಮು ವಿಚಾರಿಸಕ್ಕೆ ಬರಲ್ಲ." ಅತ್ತೆ ಫೋನನ್ನು ಸೆರಗಿನಲ್ಲಿ ಹಿಡಿದುಕೊಂಡರು. "ನೋಡಪ್ಪ, ಲಿಫ್ಟ್ ಇದ್ಯಾ? ನಂಗೆ ಮಂಡಿ ನೋವು."

"ದಡದ್ದರಲ್ಲಿ ಉಂಟಮ್ಮ."

"ಸಸ್ಯಾಹಾರಕ್ಕೆ ಬೇರೆ ಪಾತ್ರೆ ಇಟ್ಟಿದೀರಾ?"

"ಬೇರೆ ಅಡುಗೆಮನೆಯೇ ಉಂಟು. ಜೈನರು ಬಹಳ ಬರ್ತಾರೆ. ಊಟ, ತಿಂಡಿ ಎಲ್ಲ ರೂಮಿನ ಜೊತೆಗೇ."

"ಭಕ್ತರು ಬರ್ತಾರಾ?"

ಭಾವ ಒಂದು ಕ್ಷಣ ಯೋಚಿಸಿದ. "ಭಕ್ತಿ ಇದ್ದವರೇ ಬರೋದಮ್ಮ. ಬೆಳಗಿನವರೆಗೂ ಯಾರೂ ಮಲಗೋದಿಲ್ಲ."

"ದಡದ್ದೇ ಇರ್ಲಿ" ಎಂದು ಅತ್ತೆ ತೀರ್ಪು ಕೊಟ್ಟು ಫೋನು ಹಿಂದಿರುಗಿಸಿದರು. ಎಷ್ಟೋ ದಿನದಿಂದ ಗೆಳೆಯರಿಬ್ಬರು ಕಿತ್ತಾಡಿದರೂ ಬಗೆಹರಿಯದ ವಿಷಯ ಹೀಗೆ ಮುಗಿಯಿತು. ವಿಶ್ವನಾಥನ ಕಣ್ಣ ಮುಂದೆ ಅವನ ಹಡಗು ಮುಳುಗಿತು.

ಊಟದ ಹೊತ್ತಿಗೆ ಕ್ಲಚ್ ಪ್ಲೇಟು ಕೂತಿತು, ಗೇರ್‌ಬಾಕ್ಸ್ ಏರಿತು, ಎಂಜಿನು ಬೆಕ್ಕಿನ ಹಾಗೆ ಗುರುಗುಟ್ಟಿತು. ಎಂದೂ ಹೀಗೆ ಓಡದ ಕಾರು ಇವತ್ತೇ ಓಡಬೇಕೇ? ಹಿಂದಿನ ಸೀಟಿನಲ್ಲಿ ಆಗಲೇ ಕೃಷ್ಣಪ್ಪ, ವಸಂತಮ್ಮ ಇಬ್ಬರೂ ಕೂತು ಜಾಗ ಅಭ್ಯಾಸ ಮಾಡುತ್ತಿದ್ದರು. ವಿಶ್ವನಾಥ ಫೆಲಿಕ್ಸನನ್ನು ಟಯರಿನ ರಾಶಿಯ ಹಿಂದೆ ಎಳೆದುಕೊಂಡು ಹೋದ.

"ಫೆಲಿಕ್ಸ್, ಈ ಗಾಡಿ ಚಾರ್ಮಾಡಿ ಘಾಟಿ ಇಳಿಯಲ್ಲ ಅಂತ ಹೇಳ್ಬಿಡು ಮಾರಾಯ."

"ಆಗಲ್ಲ ವಿಶ್ವಣ್ಣ. ನಮ್ಮದು ತಪಸ್ಸುಕಾಲ. ಈಸ್ಟರ್ ತನಕ ಸುಳ್ಳು ಹೇಳಲ್ಲ ಅಂತ ಫಾದರ್ ಎದುರು ಒಪ್ಕಂಡಿದೀನಿ. ಮೆಕ್ಯಾನಿಕ್ ಆದವ್ನಿಗೆ ಅದೆಷ್ಟು ಕಷ್ಟ ಅಂತ ನಿಮಗೇನು ಗೊತ್ತು!"

"ಹಂಗಾದ್ರೆ ಅದನ್ನ ನಿಜ ಮಾಡು!"

ಫೆಲಿಕ್ಸ್ ತಲೆ ಕೆರೆದುಕೊಂಡ. ಹಿಂದಿನ ಸೀಟಿನವರನ್ನು ಕೆಳಗಿಳಿಸಿ, ಆಗತಾನೆ ಕೂರಿಸಿದ ಗೇರ್‌ಬಾಕ್ಸನ್ನು ಮತ್ತೆ ಬಿಚ್ಚಿ ಗೋಣಿಚೀಲದ ಮೇಲಿಟ್ಟ. ಅಷ್ಟರೊಳಗೆ ವಿಶ್ವನಾಥ ಪ್ರಸಾದನಿಗೆ ಫೋನು ಮಾಡಿ ಪಿಸುಗುಟ್ಟಿದ: "ಅತ್ತೆ ಛತ್ರ ಅಂದ್ಕಂಡು ದಡದ್ದನ್ನೇ ಗೊತ್ತು ಮಾಡಿದಾರೆ. ನಿನ್ನ ಇನ್ನೋವಾನೇ ತಗಂಡ್ ಬಾ. ಹಿಂದಿನ ಗಾಜಿಗೆ ಪೇಪರ್ ಅಂಟಿಸು. ಕತ್ಲಾದ್ಮೇಲೆ ಊರಾಚೆ ಪೆಟ್ರೋಲ್ ಬಂಕ್ ಹತ್ರ ನಿಲ್ಲು, ನಾನು ಬರ್ತೀನಿ."

ಫೆಲಿಕ್ಸ್ ಬಂದು ಎದೆ ಮೇಲೆ ಕೈಯಿಟ್ಟು, "ಅಮ್ಮ, ಈ ಗಾಡಿ ಇವತ್ತು ಎಲ್ಲಿಗೂ ಹೋಗಲ್ಲ. ಗೇರ್‌ಬಾಕ್ಸ್ ನೆಲದ ಮೇಲಿದೆ" ಎಂದ. ಅಷ್ಟೂ ನಿಜ.

ಅದೇ ಹೊತ್ತಿಗೆ ಸೌಮ್ಯ ಬಂದಳು. ಗಂಡ ಅತ್ತೆಯನ್ನೂ ಕರೆದುಕೊಂಡು ಹೊರಟಿದ್ದಾನೆ ಎನ್ನುವ ಸುದ್ದಿ ಕೇಳಿ, ಅವಳ ಮನಸ್ಸು ಕರಗಿ, ಎಲ್ಲರಿಗೂ ಆಗುವಷ್ಟು ಚಿತ್ರಾನ್ನ ಕಟ್ಟಿಸಿಕೊಂಡು ಬಂದಿದ್ದಳು. ಗಿರಿಜಾಂಬಾ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖ ನೋಡಲಾಗದೆ ವಿಶ್ವನಾಥ ಗೋಣಿಚೀಲದ ಕಡೆ ತಿರುಗಿದ. ಆದರೂ ಚಕ್ರ ಕಣ್ಣ ಮುಂದೆ ತಿರುಗುತ್ತಲೇ ಇತ್ತು.

ಆಗ ಹಾರನ್ನು ಕೇಳಿಸಿತು.

ಗೆಳೆಯನಿಗೆ ಕಷ್ಟ ಎಂದ ಮೇಲೆ ಕತ್ತಲಾಗುವವರೆಗೆ ಕಾಯುವ ಸ್ವಭಾವ ಪ್ರಸಾದನದಲ್ಲ. ಇನ್ನೋವಾ ನೇರವಾಗಿ ಗ್ಯಾರೇಜಿನ ಬಾಗಿಲಿಗೇ ಬಂದು ನಿಂತಿತು. ಹಿಂದಿನ ಗಾಜಿನ ತುಂಬ ಹಳೇ ಪೇಪರು. ಇಳಿದವನ ಮೈಮೇಲೆ ದಾಸವಾಳದ ಹೂವಿನ ಅಂಗಿ, ಕಣ್ಣಿಗೆ ಕಪ್ಪು ಕನ್ನಡಕ.

"ಪ್ರಸಾದ" ಎಂದರು ಗಿರಿಜಾಂಬಾ.

ಪ್ರಸಾದ ಕನ್ನಡಕ ಕಿತ್ತು ಜೇಬಿಗೆ ಹಾಕಿ, ಕೈಕಟ್ಟಿ ನಿಂತ. ನೆಲ ನೋಡುತ್ತ, "ಎಸ್ ಟೀಚರ್" ಎಂದ. ಅವನಿಗೆ ಎರಡು ಮಕ್ಕಳಿವೆ ಎಂದರೆ ಆಗ ಯಾರೂ ನಂಬುತ್ತಿರಲಿಲ್ಲ.

"ನಿನ್ನ ಗಾಡೀಲಿ ಎಷ್ಟು ಸೀಟೋ?"

"ಏಳು ಟೀಚರ್."

"ದೇವರು ದೊಡ್ಡವನು! ವಸಂತ, ಚೀಲ ತಗಾ. ಕೃಷ್ಣಪ್ಪ, ನನ್ನ ಬ್ಯಾಗು ಈ ಕಡೆ ತನ್ನಿ."

ಸೌಮ್ಯ ಮೆಲ್ಲಗೆ ಕೇಳಿದಳು: "ಅತ್ತೆ, ಜಾಗ ಇದ್ರೆ ನಾನೂ ಬರ್ಲಾ? ಕೊಯ್ಲು ಶುರುವಾದಾಗಿಂದ ಗೇಟು ದಾಟಿಲ್ಲ."

"ಬಾರೇ. ಅದನ್ನೂ ಕೇಳ್ಬೇಕಾ?"

"ನೀನು ಬಂದ್ರೆ ಕಣದಲ್ಲಿ ಹರವಿರೋ ಕಾಫಿ?" ಎಂದ ವಿಶ್ವನಾಥ. ಅವನ ದನಿ ಅವನಿಗೇ ಕೀರಲಾಗಿ ಕೇಳಿಸಿತು.

"ನೀವು ಇರ್ತೀರಲ್ಲ ರೀ. ಆಕಾಶ ನೋಡಿ, ಮೋಡ ಬೇರೆ ಕಟ್ಟಿದೆ. ಇಬ್ರೂ ಹೋದ್ರೆ ಮುಚ್ಚೋರು ಯಾರು?"

"ಹರಕೆ ನಂದಲ್ವಾ!"

"ಗಂಡನ ಹರಕೆ ಹೆಂಡ್ತಿ ತೀರಿಸಿದ್ರೆ ಶಿವ ಬೇಡ ಅಂತಾನಾ? ನಿಮ್ಮ ಹೆಸರಲ್ಲೇ ಪೂಜೆ ಮಾಡಿಸ್ತೀನಿ" ಎಂದು ಸೌಮ್ಯ ನಕ್ಕಳು. ಆ ನಗು ಕಂಡು ಬಹಳ ದಿನವಾಗಿತ್ತು. ವಿಶ್ವನಾಥ ಕಾಫಿಗೆ ತೋಟದ ಲೆಕ್ಕ ಬರೆಯುವ ರೈಟರನ್ನು ಕಾವಲಿಟ್ಟು ಹಿಂದಿನಿಂದ ತನ್ನ ಕಾರಿನಲ್ಲೇ ಹೋದರೆ ಹೇಗೆ ಎಂದು ಒಮ್ಮೆ ತಿರುಗಿ ನೋಡಿದ. ಗೇರ್‌ಬಾಕ್ಸು ಗೋಣಿಚೀಲದ ಮೇಲೆ ತಣ್ಣಗೆ ಕೂತಿತ್ತು. ಫೆಲಿಕ್ಸ್ ಊಟಕ್ಕೆ ಹೋಗಿದ್ದ.

ಎಲ್ಲರೂ ಹತ್ತಿದ ಮೇಲೆ ಅತ್ತೆ ಮುಂದಿನ ಸೀಟಿನಿಂದ, "ರೂಮಿನ ಚಿಂತೆ ಇಲ್ಲ. ಛತ್ರ ನಾನೇ ಗೊತ್ತು ಮಾಡಿದೀನಿ" ಎಂದರು.

ಪ್ರಸಾದ ಸ್ಟೀರಿಂಗ್ ಹಿಡಿದು ತೊದಲಿದ. ಟೀಚರ್ ಎದುರು ಅವನು ಮೂರನೇ ಕ್ಲಾಸಿನಲ್ಲೂ ಸುಳ್ಳು ಹೇಳಿ ದಕ್ಕಿಸಿಕೊಂಡವನಲ್ಲ. "ಟೀಚರ್… ಅದು ಗೋಕರ್ಣದಲ್ಲಿ ಇಲ್ಲ. ಸ್ವಲ್ಪ ಮುಂದೆ. ಗೋವಾದಲ್ಲಿ."

ವಿಶ್ವನಾಥ ಕಣ್ಣು ಮುಚ್ಚಿಕೊಂಡ. ಈಗ ಸಿಡಿಲು ಬೀಳುತ್ತದೆ ಎಂದು ಕಾದ.

"ಲಿಫ್ಟ್ ಇರೋದು ನಿಜ ತಾನೇ?"

"ನಿಜ ಟೀಚರ್."

"ಹಂಗಾದ್ರೆ ಮೊದಲು ದೇವರು, ಆಮೇಲೆ ಗೋವಾ. ನಡಿ."

ಇನ್ನೋವಾ ಕೊಟ್ಟಿಗೆಹಾರದ ಕಡೆ ತಿರುಗಿತು. ಕಿಟಕಿಯಿಂದ ಸೌಮ್ಯಳ ಕೈ ತಿರುವು ದಾಟುವವರೆಗೂ ಬೀಸುತ್ತಿತ್ತು. ವಿಶ್ವನಾಥ ಚಿತ್ರಾನ್ನದ ಒಂದು ಪೊಟ್ಟಣ ಹಿಡಿದು ಬಸ್ಸಿಗೆ ನಿಂತ.

ಮರುದಿನ ಸಂಜೆ ಅವನು ಕಣದಲ್ಲಿ ಕಾಫಿ ಗುಡ್ಡೆ ಮಾಡುತ್ತಿದ್ದಾಗ ಪ್ರಸಾದನ ಫೋನು ಬಂತು. ಹಿಂದೆ ಸಂಗೀತ, ಗದ್ದಲ, ಚಪ್ಪಾಳೆ.

"ಮಾರಾಯ, ಏನು ಹೇಳ್ಲಿ! ಟೀಚರ್ ಊಟಕ್ಕೆ ಅಂತ ಕೆಳಗೆ ಬಂದೋರು ಆ ಚಕ್ರದ ಮುಂದೆ ನಿಂತ್ರು. 'ಇದು ಬರೀ ಲೆಕ್ಕ ಕಣೋ' ಅಂದ್ರು. ಆಗ ಕೂತೋರು ಇನ್ನೂ ಎದ್ದಿಲ್ಲ. ಮುಂದೆ ಬಿಲ್ಲೆ ಕುಡಿಬಾಳೆ ಎಲೆಯಷ್ಟಗಲ ಹರಡಿದೆ. ನಿನ್ನ ಹೆಂಡ್ತಿ ಪಕ್ಕದಲ್ಲಿ ಕೂತು ಎಣಿಸಿ ಜೋಡಿಸ್ತಿದಾಳೆ."

"ಸೌಮ್ಯ? ಜೂಜಿಗೆ?"

"ಜೂಜಲ್ವಂತೆ. ಟೀಚರ್ ಹೇಳಿದಾರಲ್ಲ, ಲೆಕ್ಕ ಅಂತೆ. ತಡಿ, ನಿನ್ನ ಹತ್ರ ಮಾತಾಡ್ಬೇಕಂತೆ."

ಗಿರಿಜಾಂಬಾ ಅವರ ದನಿ ಮೊದಲಿಗಿಂತ ಇಪ್ಪತ್ತು ವರ್ಷ ಚಿಕ್ಕದಾಗಿತ್ತು. "ವಿಶ್ವ, ನಿನ್ನ ಪುಣ್ಯದಿಂದ ಇಲ್ಲಿಗೆ ಬಂದ್ವಪ್ಪ. ಇರೋದೆಲ್ಲ ಇಟ್ಟು ಒಂದು ಸಲ ನಿನ್ನ ಹೆಸರಲ್ಲೂ ಆಡ್ತೀನಿ. ಬೇಗ ಹೇಳು, ಚಕ್ರ ತಿರುಗ್ತಿದೆ. ಕೆಂಪೋ, ಕಪ್ಪೋ?"

ವಿಶ್ವನಾಥ ಕಾಫಿ ಎಳೆಯುತ್ತಿದ್ದ ಹಲಗೆಯನ್ನು ಕೆಳಗೆ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎಷ್ಟೋ ವರ್ಷದಿಂದ ಕನಸಿನಲ್ಲಿ ಹೇಳಿಕೊಂಡಿದ್ದ ಹಾಗೆಯೇ ಗಟ್ಟಿಯಾಗಿ, "ಕೆಂಪು!" ಎಂದ.

ಆ ಕಡೆ ಚಕ್ರದ ಗುಂಡು ಟಕಟಕ ಉರುಳಿ ನಿಂತಿತು. ಆಮೇಲೆ ಹತ್ತಾರು ಜನ ಒಟ್ಟಿಗೆ "ಅಯ್ಯೋ" ಎಂದದ್ದು ಕೇಳಿಸಿತು.

"ಕಪ್ಪು ಬಂತು ಕಣೋ! ಎಲ್ಲಾ ಹೋಯ್ತು!" ಎಂದರು ಅತ್ತೆ. "ಲೆಕ್ಕದಲ್ಲಿ ನೀನು ಯಾವತ್ತು ಪಾಸಾಗಿದ್ದೆ? ನಿನ್ನ ಕೇಳಿದ್ದೇ ನನ್ನ ತಪ್ಪು. ಫೋನಿಡು."

ಫೋನು ಕಟ್ಟಾಯಿತು. ದೂರದಲ್ಲಿ ಗುಡುಗು ಕೇಳಿಸಿತು, ವಿಶ್ವನಾಥ ಟಾರ್ಪಾಲು ಹುಡುಕಲು ಹೊರಟ.