ದೊಡ್ಡತಾಯಮ್ಮನ ಜಗಲಿಯ ಮೇಲೆ ಚರ್ಮ

ಎಂಟನೇ ಕ್ಲಾಸಿನ ವಿಜ್ಞಾನದ ಮೇಷ್ಟ್ರು ಮನೋಹರ ಅವರು ‘ಮನೆಯಲ್ಲಿ ಸಿಗುವ ವಸ್ತುಗಳಿಂದಲೇ’ ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆಯದೆ ಹೋಗಿದ್ದರೆ ಶಾಂತರಾಜುವಿನ ಅಮಾವಾಸ್ಯೆ ಸುಖವಾಗಿ ಕಳೆಯುತ್ತಿತ್ತು. ಮಗಳು ರೂಪಶ್ರೀ ಮನುಷ್ಯನ ಚರ್ಮದ ಮಾಡೆಲ್ ಮಾಡಬೇಕಿತ್ತು. ಅಂದು ಮೂರು ಗಂಟೆಯೊಳಗೆ ಶಾಲೆಗೆ ಬಂದವುಗಳಲ್ಲಿ ಚೆನ್ನಾಗಿರುವುದು ಹಾಸನದ ವಸ್ತುಪ್ರದರ್ಶನಕ್ಕೆ ಹೋಗುತ್ತದೆ.

ಹಾಸನ ಎಂದ ಕೂಡಲೇ ಶಾಂತರಾಜುವಿನ ವಯಸ್ಸಿನಿಂದ ಮೂವತ್ತು ವರ್ಷ ಉದುರಿಹೋಯಿತು. ಅವನೂ ಹೊಳೆನರಸೀಪುರದ ಅದೇ ಶಾಲೆಯಲ್ಲಿ ಓದಿದವನು. ಆಗ ಜೇಡಿಮಣ್ಣಿನಲ್ಲಿ ಅವನು ಮಾಡಿದ್ದ ಚರ್ಮ, ಹಾಸನದ ಬಸ್ಸು ಬರುವ ಹೊತ್ತಿಗೆ ಒಣಗಿ ನಾಲ್ಕು ಹೋಳಾಗಿತ್ತು. ಬಸ್ಸಿನ ಹಿಂದಿನ ಗಾಜಿನಲ್ಲಿ ಗೆಳೆಯರು ಕೈಬೀಸುತ್ತ ಸಣ್ಣಗಾಗಿ ಹೋದದ್ದು, ಅವ್ವ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿ ಬಿಸಿಯಾರದೆ ತನ್ನ ಕೈಯಲ್ಲೇ ಉಳಿದದ್ದು ಈಗಲೂ ನೆನಪಿದೆ. ಆ ಬಸ್ಸನ್ನು ಮಗಳಾದರೂ ಹತ್ತಬೇಕು.

ತೆಂಗಿನಕಾಯಿ ಮಂಡಿಯ ಕೆಲಸಕ್ಕೆ ರಜೆ ಹಾಕಿ, ಮಗಳನ್ನು ಶಾಲೆಗೆ ಕಳಿಸಿ, ತಾನೇ ಕೂತ. ಹೆಂಡತಿ ಅರಕಲಗೂಡಿನ ತೌರಿಗೆ ಹೋಗಿದ್ದಳು, ಅಡಿಗೆಮನೆ ಅವನದೇ. ಮೊರದಲ್ಲಿ ಹಳೇ ದಿಂಬಿನ ಹತ್ತಿ ಹರಡಿದ, ಅದು ಕೊಬ್ಬು. ಅದರ ಮೇಲೆ ಕುಂಕುಮ ಕಲಸಿದ ಮೈದಾ, ಅದರ ಮೇಲೆ ಅರಿಶಿನದ ಅಕ್ಕಿಹಿಟ್ಟು. ಬೆವರಿನ ಗ್ರಂಥಿಗೆ ಶಾವಿಗೆ, ರಕ್ತನಾಳಕ್ಕೆ ಕೆಂಪು, ನೀಲಿ ದಾರ. ಕೂದಲಿಗೆಂದು ಪೊರಕೆಕಡ್ಡಿ ಚುಚ್ಚಿ ನೋಡಿದ, ಮನುಷ್ಯ ಮುಳ್ಳುಹಂದಿಯಾದ. ಕಿತ್ತುಹಾಕಿ, ಹೆಂಡತಿಯ ಬಾಚಣಿಗೆಯಲ್ಲಿ ಸಿಕ್ಕಿದ್ದನ್ನು ನೆಟ್ಟ. ಹೆಸರಿನ ಚೀಟಿ ಸಿಕ್ಕಿಸಲು ಅಲ್ಲಲ್ಲಿ ಗುಂಡುಸೂಜಿ ಚುಚ್ಚಿದ. ಮೈದಾ ಕಲಸಿದ ಕೈ ಮೂಸಿದರೆ ಶಾಲೆಯ ಹಳೆಯ ಅಂಟಿನದೇ ವಾಸನೆ. ಐದು ನಿಮಿಷ ಸುಮ್ಮನೆ ಮೂಸುತ್ತ ಕೂತ.

ಅವನ ಜಗಲಿಗೆ ಬಿಸಿಲಿರಲಿಲ್ಲ. ಎದುರುಮನೆ ದೊಡ್ಡತಾಯಮ್ಮನ ಜಗಲಿಯಲ್ಲಿ ಬಿಸಿಲು ಬೇಕಾದಷ್ಟಿತ್ತು, ದೊಡ್ಡತಾಯಮ್ಮ ಇರಲಿಲ್ಲ. ಮೊರವನ್ನು ಅವಳ ಹೊಸಿಲ ಪಕ್ಕ ಒಣಗಲಿಟ್ಟು, ಚೀಟಿ ಪ್ರಿಂಟ್ ಹಾಕಿಸಲು ಪೇಟೆಗೆ ಹೋದ. ಜೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋಗಿತ್ತು. ವಾಪಸು ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಬೀದಿಯಲ್ಲಿ ಮದುವೆಮನೆಯಷ್ಟು ಜನ. ದೊಡ್ಡತಾಯಮ್ಮ ಜಗಲಿಗೆ ಸಗಣಿನೀರು ಹೊಯ್ಯುತ್ತ, ಯಾರೆಂದು ಇನ್ನೂ ಗೊತ್ತಿಲ್ಲದವನೊಬ್ಬನ ವಂಶವನ್ನು ಮುತ್ತಾತನಿಂದ ಹಿಡಿದು ಕ್ರಮವಾಗಿ ಬೈಯುತ್ತಿದ್ದಳು.

“ದೊಡ್ಡವ್ವ, ಇಲ್ಲೊಂದು ಮೊರ ಇಟ್ಟಿದ್ನಲ್ಲ?” ಎಂದ ಶಾಂತರಾಜು.

ದೊಡ್ಡತಾಯಮ್ಮ ಸಗಣಿನೀರಿನ ಬಕೆಟ್ಟು ಕೆಳಗಿಟ್ಟಳು.

“ನಿಂದಾ ಅದು?”

“ನಂದೇ. ಚರ್ಮ ಕಣವ್ವ.”

“ಯಾರ್ ಚರ್ಮಲಾ?”

“ಮನ್ಸಂದು.”

“ಕೂದ್ಲು?”

“ನನ್ನೆಂಡ್ತೀದು.”

ಇಷ್ಟೊಂದು ನಿಜವನ್ನು ಅವನು ಕೋರ್ಟಿನಲ್ಲಿ ನಿಲ್ಲಿಸಿದರೂ ಹೇಳುತ್ತಿರಲಿಲ್ಲ. ಅದಕ್ಕೇ ಆ ಹೆಣ್ಣು ತೌರಿಗೆ ಹೋಗಿ ಕೂತಿರುವುದು ಎಂದು ಗುಂಪಿನಲ್ಲಿ ಯಾರೋ ಮರುಗಿದರು. ಅಮಾವಾಸ್ಯೆ ದಿನ, ಹೊಸಿಲ ಪಕ್ಕ, ಅರಿಶಿನ, ಕುಂಕುಮ, ಕೂದಲು, ಸೂಜಿ, ಮಾಟವಲ್ಲದೆ ಇನ್ನೇನು? ಅದನ್ನು ಹೇಮಾವತಿ ಹೊಳೆಗೆ ಬಿಡಲು ಕಿರಾಣಿ ಅಂಗಡಿಯ ಪರಮಶಿವಯ್ಯ ಹೊರಟೂ ಆಗಿತ್ತು.

ಶಾಂತರಾಜು ಓಡಿದ. ಹೊಳೆಯ ದಾರಿಯಲ್ಲಿ ಪರಮಶಿವಯ್ಯನವರ ಬೆನ್ನು ಕಂಡಿತು. ಕೈಗೆ ಬೇವಿನಸೊಪ್ಪು ಸುತ್ತಿಕೊಂಡು ಮೊರ ಹಿಡಿದಿದ್ದರು. ನಿಂತ್ಕಳಣ್ಣ ಎಂದು ಕೂಗಿದ. ಮಾಟ ಒಯ್ಯುವವರು ಯಾರು ಕರೆದರೂ ತಿರುಗಿ ನೋಡಬಾರದು. ಗುರುತಿನ ದನಿಯಲ್ಲೇ ಕರೆದರೆ ಅದು ಇನ್ನೂ ಅಪಾಯ. ಅರವತ್ತೆಂಟರ ಪರಮಶಿವಯ್ಯ ಓಟ ಕಿತ್ತರು. ಹಿಂದೆ ಚೀಟಿ ಬೀಸುತ್ತ ಶಾಂತರಾಜು. ಗೆದ್ದವರು ಹಿರಿಯರು. ದಿಂಬಿನ ಹತ್ತಿ ಸ್ವಲ್ಪ ಹೊತ್ತು ತೇಲಿತು, ಆಮೇಲೆ ಅದೂ ಮುಳುಗಿತು.

ಸಂಜೆ ಮನೋಹರ ಮೇಷ್ಟ್ರು ತಾವೇ ಮನೆಗೆ ಬಂದರು. ಮಾಡೆಲ್ ಬರದ ಕಾರಣ ರೂಪಶ್ರೀಗೆ ಸೊನ್ನೆ ಹಾಕಿರುವುದಾಗಿಯೂ, ಹಾಸನಕ್ಕೆ ಬೇರೆ ಹುಡುಗಿಯ ಹೆಸರು ಹೋಗಿರುವುದಾಗಿಯೂ, ವಿಜ್ಞಾನದಲ್ಲಿ ನೆಪಗಳಿಗೆ ಜಾಗವಿಲ್ಲವೆಂದೂ ತಿಳಿಸಿದರು. ಶಾಂತರಾಜು ತಲೆ ತಗ್ಗಿಸಿದ. ರೂಪಶ್ರೀ ಕಣ್ಣೊರೆಸಿಕೊಂಡು ಒಳಗೆ ಹೋಗುವವರೆಗೆ ಕಾದು, ಮೇಷ್ಟ್ರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ಮೂರ್ ವರ್ಷದಿಂದ ನಂಗೆ ಚನ್ನರಾಯಪಟ್ಟಣಕ್ಕೆ ಟ್ರಾನ್ಸ್‌ಫರ್ ಆಗ್ತಿಲ್ಲ. ಯಾರೋ ಮಾಟ ಮಾಡ್ಸವ್ರೆ. ನೀವೊಸಿ ನೋಡ್ಬೇಕು.”

“ಸಾ, ಅದು ಬರೀ ಚರ್ಮದ ಮಾಡೆಲ್ಲು. ನೀವೇ ಮಾಡಕ್ಕೇಳಿದ್ದು. ಪುಸ್ತಕದಲ್ಲೈತೆ.”

“ಗೊತ್ತು ಬುಡಿ.” ಮೇಷ್ಟ್ರು ಒಳಬಾಗಿಲತ್ತ ನೋಡಿ ದನಿ ತಗ್ಗಿಸಿದರು. “ಮಕ್ಳಿಗೆ ನಾನೂ ಅಂಗೇ ಏಳಾದು.”