ವಿನೋಬನಗರಕ್ಕೆ ಸರ್ವರ್ ಬಂತು

ತನುಜಾಗೆ ಒಂದು ಚಿಂತೆಯಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ, ಬಾಯಿತುಂಬ ನೊರೆಯಿದ್ದು ಹೇಗೂ ಮಾತಾಡಲಾಗದ ಹೊತ್ತಿನಲ್ಲಿ, ಕನ್ನಡಿಯ ಮುಂದೆ ಮನಸ್ಸಿನಲ್ಲೇ ಒಪ್ಪಿಕೊಂಡಳು: ‘ನನಗೆ ಹೂಂ ಬಿಟ್ಟರೆ ಬೇರೇನೂ ಹೇಳೋಕೆ ಬರಲ್ಲ. ಹೀಗೇ ಹೂಂ ಅಂತಾ ಅಂತಾ ಒಂದು ದಿನ ಮದುವೆಯೂ ಆಗಿಬಿಡುತ್ತೆ.’

ಆ ಒಂದು ದಿನ ಬಹಳ ದೂರವೇನೂ ಇರಲಿಲ್ಲ. ಪಕ್ಕದ ಮನೆಯ ದಾಕ್ಷಾಯಣಿ ಆಂಟಿ ತಮ್ಮ ಅಣ್ಣನ ಮಗ, ಭದ್ರಾವತಿಯ ವಿಜಯಕುಮಾರನ ಸಂಬಂಧ ತಂದಿದ್ದರು. ಹುಡುಗ ಬಂದು ನೋಡಿಕೊಂಡು ಹೋಗಿದ್ದ. ನೋಡಿದ್ದು ಅಂದರೆ, ಅವನು ಉಪ್ಪಿಟ್ಟಿನ ತಟ್ಟೆ ನೋಡಿದ್ದ, ಇವಳು ಅವನ ಕಾಲುಚೀಲ ನೋಡಿದ್ದಳು. ಆಮೇಲೆ ಫೋನಿನಲ್ಲಿ ಮಾತೂ ಆಗಿತ್ತು. “ಊಟ ಆಯ್ತಾ?” ಎಂದ. “ಹೂಂ” ಎಂದಳು. ‘ನಿಮ್ಮದು?’ ಎಂದು ಕೇಳಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವನೇ “ಹೂಂ” ಎಂದುಬಿಟ್ಟ. ಮಾತು ಅಲ್ಲಿಗೆ ಮುಗಿಯಿತು.

“ಇವತ್ತು ದೀಪ ಹಚ್ಚೋ ಹೊತ್ತಿಗೆ ಒಂದು ಮಾತು ಹೇಳಿಬಿಡು ಮಾರಾಯ್ತಿ. ಒಪ್ಪಿಗೆನೋ ಇಲ್ವೋ. ಭದ್ರಾವತಿಯೋರು ಎಷ್ಟು ದಿನ ಕಾಯ್ತಾರೆ?” ಎಂದು ಆಂಟಿ ಕಾಂಪೌಂಡಿನ ಆಚೆಯಿಂದ ತಾಕೀತು ಮಾಡಿದ್ದರು.

ವಿಚಿತ್ರವೆಂದರೆ, ಮೆಸೇಜಿನಲ್ಲಿ ಮಾತ್ರ ವಿಜಯಕುಮಾರ್ ಬೇರೆಯೇ ಮನುಷ್ಯ. ಅಲ್ಲಿ ಅವನಿಗೆ ತಮಾಷೆ ಬರುತ್ತಿತ್ತು. “ಇಟ್ಟಿಗೆ ಜೋಡಿಸಿ ಮನೆ ಕಟ್ಟೋ ಗೇಮ್ ಆಡ್ತೀಯಂತೆ, ದಾಕ್ಷಾಯಣಿ ಹೇಳಿದ್ಲು. ನಂಗೂ ಅದರದ್ದೇ ಹುಚ್ಚು” ಎಂದು ಬರೆದಿದ್ದ. ಸೋದರತ್ತೆಯನ್ನು ಹೆಸರು ಹಿಡಿದು ಕರೆಯುವ ಧೈರ್ಯವಂತ ಎಂದು ತನುಜಾಗೆ ಸ್ವಲ್ಪ ಮೆಚ್ಚುಗೆಯೂ ಆಗಿತ್ತು. ಆ ಆವೇಶದಲ್ಲೇ, “ನಮ್ಮನೇಲೇ ಸರ್ವರ್ ಹಾಕ್ತೀನಿ. ಭಾನುವಾರ ಒಟ್ಟಿಗೆ ಆಡೋಣ” ಎಂದು ಕಳಿಸಿ, ಫೋನನ್ನು ದಿಂಬಿನಡಿ ತುರುಕಿ, ಅದರ ಮೇಲೆ ಕೂತಿದ್ದಳು.

ಅವಳ ಲೆಕ್ಕಾಚಾರ ಇಷ್ಟೇ. ಒಬ್ಬರ ಜೊತೆ ಸ್ವಲ್ಪ ಹೊತ್ತು ಮನೆ ಕಟ್ಟಿದರೆ ಅವರೆಂಥವರು ಎಂದು ತಿಳಿಯುತ್ತದೆ. ಆ ಆಟದಲ್ಲಿ ಕತ್ತಲಾದರೆ ದೆವ್ವಗಳು ಬರುತ್ತವೆ. ಆಗ ಅವನು ನಿಲ್ಲುತ್ತಾನೋ, ಓಡುತ್ತಾನೋ? ಊಟ ಆಯ್ತಾ ಎಂದು ವರ್ಷಗಟ್ಟಲೆ ಕೇಳಿದರೂ ಇದು ತಿಳಿಯುವಂಥದ್ದಲ್ಲ.

ಬಿ.ಸಿ.ಎ. ಓದುವಾಗಿನ ಹಳೆ ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಾ ಸರ್ವರ್ ಆಗಲು ಒಪ್ಪಿತು. ಮನೆಯೊಳಗೆ ಎಲ್ಲ ಸರಿಯಿತ್ತು. ಹೊರಗಿನವರು ಒಳಗೆ ಬರಬೇಕಾದರೆ ಮಾತ್ರ ರೂಟರಿನ ಅಪ್ಪಣೆ ಬೇಕು. ರೂಟರ್ ಎಂದರೆ ಗೇಟಿನ ವಾಚ್‌ಮನ್ ಇದ್ದಂತೆ. ಇಂಥವರು ಬಂದರೆ ಇಂಥ ಕೋಣೆಗೆ ಕಳಿಸು ಎಂದು ಮೊದಲೇ ಹೇಳಿಡದಿದ್ದರೆ ಯಾರನ್ನೂ ಬಿಡುವುದಿಲ್ಲ. ಅದಕ್ಕೆ ಹೇಳಬೇಕಾದರೆ ಅದರ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಅದರ ಹೊಟ್ಟೆಯಡಿ ಅಂಟಿಸಿದ ಚೀಟಿಯಲ್ಲಿತ್ತು. ರೂಟರ್ ಹಾಲಿನ ಗೋಡೆಯ ಮೇಲಿತ್ತು. ಗೋಡೆಯ ಕೆಳಗೆ ಅಪ್ಪ ಶಿವಮೂರ್ತಪ್ಪ ಪೇಪರ್ ಓದುತ್ತಿದ್ದರು.

ತನುಜಾ ಸ್ಟೂಲು ಹತ್ತಿದಳು.

“ಏನೇ ಅದು? ಹಲ್ಲಿ ಸಿಕ್ಕಾಕ್ಕೊಂಡಿದ್ಯಾ?”

ಆಟ ಎಂದರೆ, ಯಾರ ಜೊತೆ ಎಂಬ ಪ್ರಶ್ನೆ ಬರುತ್ತದೆ. ಅವಳು ಒಂದೇ ಪದದಲ್ಲಿ ಮುಗಿಸಿದಳು: “ಸರ್ವರ್.”

ಶಿವಮೂರ್ತಪ್ಪನವರ ಕೈಯಿಂದ ಪೇಪರ್ ಜಾರಿತು.

ಸರ್ವರ್ ಎಂಬ ಪದ ಗೊತ್ತಿಲ್ಲದವರು ವಿನೋಬನಗರದ ಆ ಬೀದಿಯಲ್ಲಿ ಇರಲಿಲ್ಲ. ಅದನ್ನು ಕಣ್ಣಾರೆ ಕಂಡವರೂ ಇರಲಿಲ್ಲ. ರೇಷನ್ ಅಂಗಡಿಗೆ ಹೋದರೆ ಅದು ಇರುವುದಿಲ್ಲ; ಕಚೇರಿಗೆ ಹೋದರೆ ಈಗಷ್ಟೇ ಹೋಗಿರುತ್ತದೆ; ಬ್ಯಾಂಕಿನಲ್ಲಿ ಊಟದ ಮೇಲೆ ಬಂದರೂ ಬರಬಹುದು. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಕೊಟ್ಟು ಬರಲು ಹೋಗಿ ಅಪ್ಪ ಆ ತಿಂಗಳೆಲ್ಲ ಬರಿಗೈಲಿ ತಿರುಗಿ ಬಂದಿದ್ದರು.

“ಸರ್ವರ್ರಾ? ನಮ್ಮನೇಲಾ?”

“ಹೂಂ.”

“ಕೆಲಸ ಮಾಡುತ್ತಾ?”

“ಹೂಂ.”

ಅಪ್ಪ ಪಂಚೆ ಸರಿಮಾಡಿಕೊಂಡು ಎದ್ದು, ಕಾಂಪೌಂಡಿನ ಕಡೆ ನಡೆದರು. ಮಗಳು ರ‍್ಯಾಂಕ್ ಬಂದಿದ್ದರೂ ಅಷ್ಟು ಚುರುಕಾಗಿ ನಡೆಯುತ್ತಿರಲಿಲ್ಲ.

ತನುಜಾ ಹೊಸ ನಿಯಮ ಬರೆದು ರೂಟರನ್ನು ಒಮ್ಮೆ ಆರಿಸಿ ಹಾಕಿದಳು. ದೀಪಗಳು ಆರಿ ಹತ್ತುವಷ್ಟರಲ್ಲಿ ಎದುರು ಮನೆಯ ಕರಿಯಪ್ಪನವರು ಬಾಗಿಲಲ್ಲಿದ್ದರು.

“ವೈಫೈ ಹೋಯ್ತಲ್ಲಮ್ಮ?”

“ನಮ್ಮನೆ ವೈಫೈ ಹೋದ್ರೆ ನಿಮಗೇನ್ರೀ ಕರಿಯಪ್ಪ?” ಎಂದು ಅಪ್ಪ ಹಿಂದಿನಿಂದ ಕೇಳಿದರು.

ಕರಿಯಪ್ಪ ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಜೇಬಿನಿಂದ ರೇಷನ್ ಕಾರ್ಡು ತೆಗೆದು, “ಅದಕ್ಕಲ್ಲ ಸ್ವಾಮಿ, ಸರ್ವರ್ ಇದೆಯಂತಲ್ಲ, ಅದಕ್ಕೆ ಬಂದೆ. ಈ ಹೆಬ್ಬೆಟ್ಟು ನೋಡಿ. ಅರವತ್ತು ವರ್ಷ ನಂದೇ ಅಂದ್ಕೊಂಡಿದ್ದೆ. ಮಷೀನು ಒಪ್ತಾ ಇಲ್ಲ” ಎಂದರು.

“ಕೂತ್ಕೊಳ್ಳಿ, ಒಳಗೆ ಸೆಟ್ಟಿಂಗ್ ನಡೀತಿದೆ. ಅಲ್ವೇನೇ ತನು?”

“ಹೂಂ.”

ಅದೇ ತಪ್ಪಾಯಿತು. ತನುಜಾ ಕೋಣೆಗೆ ಹೋಗಿ ಪರೀಕ್ಷೆ ಮಾಡುತ್ತಾಳೆ, ಹೊರಗಿನಿಂದ ಒಂದು ಇರುವೆಯೂ ಒಳಗೆ ಬರುತ್ತಿಲ್ಲ. ಹಾಲಿಗೆ ಬಂದು ನೋಡುತ್ತಾಳೆ, ಸೋಫಾ ತುಂಬಿದೆ. ಮತ್ತೆ ನಿಯಮ ತಿದ್ದುತ್ತಾಳೆ, ಬಂದು ನೋಡುತ್ತಾಳೆ, ಜನ ಚಾಪೆ ಹಾಸಿಕೊಂಡಿದ್ದಾರೆ. ಅಮ್ಮ ಕಾಫಿಗೆ ಹಾಲು ಸಾಲದೆಂದು ಗೊಣಗುತ್ತಿದ್ದಾಳೆ. ರೂಟರಿಗೆ ಎಷ್ಟು ಬೇಡಿಕೊಂಡರೂ ಅದು ಒಬ್ಬರನ್ನೂ ಬಿಡಲಿಲ್ಲ. ಮನೆಯ ಗೇಟು ಯಾರೂ ಏನೂ ಹೇಳದೆಯೇ ಇಡೀ ಬೀದಿಯನ್ನು ಒಳಗೆ ಬಿಟ್ಟಿತ್ತು. ಭದ್ರಾವತಿಯಿಂದ ಬಸ್ಸು ಬರುತ್ತದೆ, ರೈಲು ಬರುತ್ತದೆ, ವಿಜಯಕುಮಾರನಿಗೆ ಮಾತ್ರ ದಾರಿಯಿಲ್ಲ. ತನುಜಾಗೆ ಅಳಲೂ ಸುಸ್ತಾಗಿತ್ತು.

ಕೊನೆಗೆ ಇಂಟರ್ನೆಟ್ಟಿನ ಪರಶುರಾಮನಿಗೆ ಮೆಸೇಜು ಹಾಕಿದಳು. ಕರೆದರೆ ವಾರಗಟ್ಟಲೆ ಬಾರದ ಪರಶುರಾಮ ಊಟದ ಹೊತ್ತಿಗೇ ಬಂದ.

“ಆಫ್ ಮಾಡಿ ಆನ್ ಮಾಡಿದ್ರಾ ಮೇಡಂ?”

“ಹೂಂ.”

“ಹಂಗಿದ್ರೆ ನಿಮ್ಮದೇನೂ ತಪ್ಪಿಲ್ಲ. ಈ ಬೀದಿಗೆಲ್ಲ ಸೇರಿ ಹೊರಗಡೆಗೆ ಒಂದೇ ಅಡ್ರೆಸ್ಸು. ಹೊರಗಿಂದ ಬಂದೋರಿಗೆ ನಿಮ್ಮನೆ ಯಾವುದು ಅಂತ ಗೊತ್ತಾಗಲ್ಲ. ಬೇರೆ ಅಡ್ರೆಸ್ ಕೊಡಬೇಕು ಅಂದ್ರೆ ಮೇಲಿನೋರು ಒಪ್ಪಬೇಕು, ತುಂಬಾ ಕಷ್ಟ.” ಅವನು ಹಾಲಿನ ಜನರನ್ನು ನೋಡಿ ದನಿ ತಗ್ಗಿಸಿದ. “ನಮ್ಮಮ್ಮನ ಹೆಸರು ಕಾರ್ಡಿಂದ ಬಿಟ್ಟೋಗಿದೆ ಮೇಡಂ. ನಿಮ್ಮ ಸರ್ವರಲ್ಲಿ ಸೇರಿಸೋಕಾಗುತ್ತಾ?”

ಇಡೀ ವಿನೋಬನಗರಕ್ಕೆ ಇಂಟರ್ನೆಟ್ ಹಂಚುವ ಮನುಷ್ಯನೂ ಇದನ್ನು ಕೇಳಿದ ಮೇಲೆ ಲೋಕದಲ್ಲಿ ಯಾರಿಗೆ ಏನು ಹೇಳುವುದು? ತನುಜಾ ಕಣ್ಣು ಮುಚ್ಚಿ “ಹೂಂ” ಎಂದಳು. ಪರಶುರಾಮ ಎಲ್ಲಿಗೋ ಫೋನು ಮಾಡಿದ. ಕಾಫಿ ಆರುವಷ್ಟರಲ್ಲಿ ಅವಳ ಮನೆಗೆ ಸ್ವಂತ ವಿಳಾಸ ಬಂತು. ಪರಶುರಾಮ ಚಾಪೆಯ ತುದಿಯಲ್ಲಿ ಜಾಗ ಮಾಡಿಕೊಂಡು ಕೂತ.

ವಿಳಾಸ ಭದ್ರಾವತಿಗೆ ಹೋಯಿತು. ತನುಜಾ ಕೋಣೆಯ ಬಾಗಿಲು ಹಾಕಿಕೊಂಡು ಪರದೆ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಬಯಲಿನ ನಡುವೆ ಒಂದು ಗೊಂಬೆ ಬಂದು ನಿಂತಿತು. ತಲೆಯ ಮೇಲೆ ‘ವಿಜಯ್’ ಎಂದಿತ್ತು.

“ಬಂದೆ ನೋಡು” ಎಂದು ಅದು ಬರೆಯಿತು. “ಹಸಿವಾಗಿದ್ಯಾ? ತಗೋ.” ಅವಳ ಮುಂದೆ ಒಂದು ರೊಟ್ಟಿ ಬಿತ್ತು.

ಹೊರಗೆ ಹಾಲಿನಲ್ಲಿ ಯಾರ ಸರದಿ ಮೊದಲು ಎಂದು ಜಗಳ ನಡೆದಿತ್ತು. ಒಳಗೆ ಅವರಿಬ್ಬರೂ ಕೆರೆಯ ದಂಡೆಯಲ್ಲಿ ಮನೆಗೆ ಪಾಯ ಹಾಕಿದರು. ಎಂಥ ಕೆಲಸಗಾರ! ಮೊದಲು ಅಡುಗೆಮನೆ ಎಂದ. ಒಲೆಯ ಹೊಗೆ ಹೋಗಲು ಜಾಗ ಬಿಡು ಎಂದ. ಅವಳು ವಕ್ರವಾಗಿ ಕಟ್ಟಿದ ಗೋಡೆಯನ್ನು ಒಂದು ಮಾತೂ ಆಡದೆ ಸರಿಮಾಡಿದ. ಕತ್ತಲಾಯಿತು, ದೆವ್ವಗಳು ಬಂದವು. ತನುಜಾ ಓಡಿಹೋಗಿ ಮೂಲೆಯಲ್ಲಿ ಅಡಗಿದಳು. ವಿಜಯ್ ಕತ್ತಿ ಹಿಡಿದು ಬಾಗಿಲಿಗೆ ಅಡ್ಡ ನಿಂತ. “ನಾನಿದ್ದೀನಿ, ಹೆದರ್ಕೋಬೇಡ.”

ತನುಜಾಳ ಬೆರಳುಗಳು ಜನ್ಮದಲ್ಲಿ ಮೊದಲ ಸಲ ವಾಚಾಳಿಯಾದವು.

“ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಿಮ್ಮಮ್ಮ ಸ್ವಲ್ಪ ಜೋರಂತೆ?”

ಗೊಂಬೆ ನಿಂತಲ್ಲೇ ನಿಂತಿತು. “ಯಾರು ಹೇಳಿದ್ದು?”

“ದಾಕ್ಷಾಯಣಿ ಆಂಟಿ.”

“ಹೌದಾ. ಇರಲಿ, ವಿಚಾರಿಸ್ಕೋತೀನಿ.”

“ಒಂದು ಕೆಲಸ ಮಾಡೋಣ್ವಾ? ಅತ್ತೆಗೆ ಕೆರೆ ಆಚೆ ಬೇರೆ ರೂಮು ಕಟ್ಟಿಬಿಡೋಣ.”

ಮಿತಿಮೀರಿದೆನೇನೋ ಎಂದು ತನುಜಾ ಉಗುರು ಕಚ್ಚಿದಳು. ಆಮೇಲೆ ಗೊಂಬೆ ಸರಸರನೆ ನಡೆದು, ನೀರಿಗೆ ಹಲಗೆ ಹಾಸುತ್ತಾ ಆಚೆ ದಡಕ್ಕೆ ಹೊರಟಿತು. “ಆಗ್ಲಿ. ದೊಡ್ಡದಾಗೇ ಇರಲಿ.”

ತನುಜಾ ಗಟ್ಟಿಯಾಗಿ ನಕ್ಕುಬಿಟ್ಟಳು. ಹಾಲಿನ ಜಗಳ ಥಟ್ಟನೆ ನಿಂತಿತು. “ಸರ್ವರ್ ಬಂತು ಅನ್ಸುತ್ತೆ” ಎಂದು ಅಪ್ಪ ಮೆಲ್ಲಗೆ ಹೇಳುವುದು ಕೇಳಿಸಿತು.

ಬೆಳಗಿನಿಂದ ಸತ್ತಿದ್ದ ಜೀವ ಅವಳಿಗೆ ತಿರುಗಿ ಬಂದಿತ್ತು. ಈ ಮನುಷ್ಯನ ಜೊತೆ ಬದುಕಬಹುದು. ಸಂಜೆಯಾಗಲಿ, ಒಪ್ಪಿಗೆ ಎಂದು ನಾಲ್ಕು ಜನರ ಮುಂದೆ ಹೇಳಿಯೇಬಿಡುತ್ತೇನೆ.

“ತನೂ!” ಹಾಲಿನಿಂದ ದಾಕ್ಷಾಯಣಿ ಆಂಟಿಯ ದನಿ ಬಂತು. “ಬಾರೇ ಇಲ್ಲಿ, ಯಾರು ಬಂದಿದಾರೆ ನೋಡು!”

‘ಒಂದ್ನಿಮಿಷ’ ಎಂದು ಬರೆದಿಟ್ಟು ತನುಜಾ ಬಾಗಿಲು ತೆರೆದಳು. ಚಾಪೆಯ ಮೇಲಿನ ಸಾಲು ಹಾಲು ದಾಟಿ ಹೊಸ್ತಿಲವರೆಗೆ ಬೆಳೆದಿತ್ತು. ಸಾಲಿನ ಕೊನೆಯಲ್ಲಿ ಪ್ಲಾಸ್ಟಿಕ್ ಕವರು ಎದೆಗವಚಿಕೊಂಡು ಒಬ್ಬ ನಿಂತಿದ್ದ. ಮುಖ ಪಕ್ಕನೆ ಗುರುತಾಗಲಿಲ್ಲ. ಕಾಲುಚೀಲ ನೋಡಿದಳು. ವಿಜಯಕುಮಾರ್.

“ನಾನೇ ಫೋನ್ ಮಾಡ್ದೆ. ಇವನ ಅಜ್ಜಿ, ನಮ್ಮಮ್ಮಂದೂ ಹೆಬ್ಬೆಟ್ಟು ಬಾಕಿ ಇದೆ. ಮನೆ ಹುಡುಗಿ ಹತ್ರ ಸರ್ವರ್ ಇಟ್ಕೊಂಡು ಭದ್ರಾವತೀಲಿ ಕ್ಯೂ ನಿಲ್ಲೋದ್ಯಾಕೆ?” ಎಂದರು ಆಂಟಿ ಹೆಮ್ಮೆಯಿಂದ.

ತನುಜಾ ಹಿಂತಿರುಗಿ ಕೋಣೆಯೊಳಗೆ ನೋಡಿದಳು. ಪರದೆಯ ಮೇಲೆ ವಿಜಯ್ ಇನ್ನೂ ಕೆರೆಯಾಚೆ ಗೋಡೆ ಎಬ್ಬಿಸುತ್ತಿದ್ದ. ಮುಂದೆ ನೋಡಿದಳು. ವಿಜಯಕುಮಾರ್ ಗೋಡೆ ಗಡಿಯಾರ ನೋಡುತ್ತಿದ್ದ.

“ನೀವು... ಆಟ...?”

“ನನಗೆ ಆ ಗೇಮೆಲ್ಲ ಬರಲ್ಲ ರೀ” ಎಂದು ಅವನು ಗಡಿಯಾರಕ್ಕೆ ಹೇಳಿದ.

“ಮೆಸೇಜು?”

ಅವನು ಕವರನ್ನು ಎದೆಗೆ ಇನ್ನಷ್ಟು ಅವಚಿಕೊಂಡ. “ನನಗೆ ಏನ್ ಬರೀಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ. ಅಮ್ಮ, ಕೊಡಿಲ್ಲಿ ಅಂತ ಫೋನ್ ಇಸ್ಕೊಂಡ್ರು. ಅಮ್ಮ ಟೀಚರ್ರು. ಸ್ಕೂಲ್ ಮಕ್ಕಳ ಹತ್ರ ಕಲಿತು ಈಗ ದಿನಾ ಸಂಜೆ ಅದೇ ಗೇಮು. ಇವತ್ತು ನೀನು ಹೋಗಿ ಅಜ್ಜಿ ಕಾರ್ಡ್ ಕೆಲಸ ಮುಗಿಸ್ಕೊಂಡು ಬಾ, ಹುಡುಗೀನ ನಾನು ನೋಡ್ಕೋತೀನಿ ಅಂದ್ರು.”

ಕೋಣೆಯಿಂದ ಟಿಂಗ್ ಎಂದಿತು. ತನುಜಾ ಕಾಲೆಳೆದುಕೊಂಡು ಹೋಗಿ ನೋಡಿದಳು.

“ತನುಜಾ, ನಾನು ವಿಜಿ ಅಮ್ಮ ಭವಾನಿ. ವಿಜಿ ಅಲ್ಲಿ ಮುಟ್ಟಿರ್ತಾನೆ, ಇನ್ನು ಮುಚ್ಚಿಡೋದ್ಯಾಕೆ? ನನ್ನ ರೂಮು ಆಯ್ತು. ಕಿಟಕಿ ನಿಮ್ಮನೆ ಕಡೆಗೇ ಇಟ್ಟಿದೀನಿ. ದಾಕ್ಷಾಯಣಿಗೆ ರಾತ್ರಿ ಫೋನ್ ಮಾಡ್ತೀನಿ ಅಂತ ಹೇಳು.”

ಅವಳು ಹಾಲಿಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಅಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಅಪ್ಪ ಗಂಟಲು ಸರಿಮಾಡಿಕೊಂಡರು. “ಹೇಗೂ ಹುಡುಗ ಬಂದಿದಾನೆ. ನಾಲ್ಕು ಜನ ದೊಡ್ಡೋರೂ ಕೂತಿದಾರೆ. ಹೇಳಮ್ಮ, ಒಪ್ಪಿಗೆನಾ?”

ಕರಿಯಪ್ಪನವರ ಹೆಬ್ಬೆಟ್ಟು ಗಾಳಿಯಲ್ಲೇ ನಿಂತಿತು. “ಬೇಗ ಹೇಳ್ಬಿಡೇ ಮಾರಾಯ್ತಿ, ಆಮೇಲೆ ಸರ್ವರ್ ಹೋಗ್ಬಿಡುತ್ತೆ” ಎಂದರು ದಾಕ್ಷಾಯಣಿ ಆಂಟಿ.

ತನುಜಾ ಅಪ್ಪನನ್ನು ನೋಡಿದಳು, ಕಾರ್ಡು ಹಿಡಿದ ಬೀದಿಯನ್ನು ನೋಡಿದಳು, ಗಡಿಯಾರ ನೋಡುತ್ತಿದ್ದ ಹುಡುಗನನ್ನು ನೋಡಿದಳು. ಬಹಳ ಸುಸ್ತಾಗಿತ್ತು, ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ.

“ಇವರು ಯಾರು ಅಂತಾನೇ ನನಗೆ ಗೊತ್ತಿಲ್ಲ ಅಪ್ಪ,” ಎಂದಳು, ಎಲ್ಲರಿಗೂ ಕೇಳುವಂತೆ. “ನನಗೆ ಒಪ್ಪಿಗೆ ಆಗಿರೋದು ಇವರ ಅಮ್ಮ.”