ಬೆಂಚಿನ ಮೇಲಿನ ಗಂಡ

ಸಂಜೆ ಆರರಿಂದ ಎಂಟರವರೆಗೆ ಆಕೆಗೆ ಗಂಡನಿರಲಿಲ್ಲ. ಉಳಿದ ಹೊತ್ತಿನಲ್ಲಿ ಇದ್ದ, ನಿಜ. ಆದರೆ ಬೆಳಗ್ಗೆ ಇಬ್ಬರಿಗೂ ಕೆಲಸಕ್ಕೆ ಓಟ. ಎಂಟರ ನಂತರ ಅವನಿಗೆ ಮಂಡಿನೋವು. ಮಂಡಿಗೆ ಮುಲಾಮು ತಿಕ್ಕುವಾಗ ಆಡುವ ನಾಲ್ಕು ಮಾತನ್ನು ದಾಂಪತ್ಯ ಎನ್ನಬಹುದೇ ಎಂಬುದು ಆಕೆಯ ಪ್ರಶ್ನೆ.

ಅವನು ವಿದ್ಯುತ್ ಕಚೇರಿಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದ. ವಯಸ್ಸು ನಲವತ್ತೊಂದು, ಎತ್ತರ ಬಾಗಿಲಿಗೆ ತಲೆ ತಾಗುವಷ್ಟು. ತಂಡದವರು ಇಟ್ಟ ಹೆಸರು ಕಂಬ. ಈ ವರ್ಷದ ಹದಿನಾಲ್ಕು ಪಂದ್ಯಗಳಲ್ಲಿ ಕಂಬ ಬುಟ್ಟಿಗೆ ಚೆಂಡು ಹಾಕಿದ್ದು ಮೂರೇ ಸಲ. (ಅದರಲ್ಲೊಂದು ತಮ್ಮದೇ ಕಡೆಯ ಬುಟ್ಟಿಗೆ.)

"ಒಂದು ದಿನವಾದ್ರೂ ಸಂಜೆ ಜೊತೆಗೆ ನಡೆದು ಬರೋಣ ಅಂದ್ರೆ ಆಗಲ್ವೇನ್ರೀ?"

"ಸೀಸನ್ ಮುಗೀಲಿ ಕಣೇ."

"ಮದುವೆಯಾದ ಮೇಲೆ ಹನ್ನೆರಡು ಸೀಸನ್ ಮುಗಿದಿದೆ."

"ಈ ಸಲ ತಂಡಕ್ಕೆ ನಾನು ಬೇಕು."

"ಯಾಕೆ, ನೀವು ಕೂರದಿದ್ರೆ ಬೆಂಚು ಹಾರಿಹೋಗತ್ತಾ?"

ಅವನು ಬೂಟಿನ ಲೇಸು ಕಟ್ಟುತ್ತ ನಕ್ಕ. ಕೋಪಿಸಿಕೊಂಡಿದ್ದರೆ ಆಕೆಗೆ ಎಷ್ಟೋ ಸುಲಭವಾಗುತ್ತಿತ್ತು.

ಬೇರೆಯವರಾದರೆ ಮುನಿಸಿಕೊಂಡು ತವರಿಗೆ ಹೋಗುತ್ತಿದ್ದರು. ಆಕೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು, ಕೋಷ್ಟಕ ಹಾಕಿದಳು. ತಂಡದ ತರಬೇತುದಾರರು ಸೀಟಿ ಸರ್ ಎಂಬ ನಿವೃತ್ತ ವ್ಯಾಯಾಮ ಶಿಕ್ಷಕರು. ಅಂತಿಮ ಸುತ್ತಿಗೆ ಮೊದಲು ಅವರು ಹನ್ನೆರಡು ಜನರಲ್ಲಿ ಇಬ್ಬರನ್ನು ಕೈಬಿಡಬೇಕಿತ್ತು. ಯಾರನ್ನು ಬಿಟ್ಟರೂ ನಿಷ್ಠುರ. "ಲೆಕ್ಕ ಹಾಕಿ ಬಿಟ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ ಸರ್. ನಾನು ಹಾಕಿಕೊಡ್ತೀನಿ," ಎಂದು ಆಕೆ ತಾನಾಗಿಯೇ ಹೋಗಿ ಹೇಳಿದಳು. ಕೈಬಿಡಬೇಕಾದ ಇಬ್ಬರಲ್ಲಿ ಒಬ್ಬನ ಹೆಸರು ಆಕೆಯ ಮನಸ್ಸಿನಲ್ಲಿ ಆಗಲೇ ಸಿದ್ಧವಿತ್ತು.

ಲೆಕ್ಕವೇನೋ ಸರಳ. ಯಾರು ಎಷ್ಟು ಬುಟ್ಟಿ ಹಾಕಿದರು ಎಂಬುದಲ್ಲ; ಒಬ್ಬ ಆಟಗಾರ ಅಂಕಣದಲ್ಲಿದ್ದಷ್ಟು ಹೊತ್ತು ತಂಡ ಎದುರಾಳಿಗಿಂತ ಎಷ್ಟು ಮುಂದೆ ಹೋಯಿತು, ಅವನು ಹೊರಗೆ ಕೂತಾಗ ಎಷ್ಟು ಹಿಂದೆ ಬಿತ್ತು ಎಂಬುದು. ಅವನ ಜೊತೆಗೆ ಯಾರಿದ್ದರು, ಎದುರಿಗೆ ಯಾರಿದ್ದರು ಎಂಬುದನ್ನೂ ತೂಗಿ ನೋಡಿದರೆ ಕೊನೆಗೆ ಒಬ್ಬೊಬ್ಬನಿಗೆ, ಇಡೀ ಪಂದ್ಯದ ನಲವತ್ತು ನಿಮಿಷದ ಲೆಕ್ಕದಲ್ಲಿ, ಒಂದೊಂದು ಸಂಖ್ಯೆ ಉಳಿಯುತ್ತದೆ: ಸಮಗ್ರ ಪ್ರಭಾವಾಂಕ. (ಹೆಸರು ಆಕೆಯೇ ಇಟ್ಟದ್ದು. ಹೆಸರು ಭಾರವಾಗಿದ್ದರೆ ಸೀಟಿ ಸರ್ ಪ್ರಶ್ನೆ ಕೇಳುವುದಿಲ್ಲ ಎಂದು.)

ಇದಕ್ಕಾಗಿ ಆಕೆ ಪ್ರತಿ ಪಂದ್ಯಕ್ಕೂ ಹೋಗಬೇಕಾಯಿತು. ಆಟಗಾರರ ಬೆಂಚಿನ ಹಿಂದಿನ ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತಳು. ನಲವತ್ತು ನಿಮಿಷದ ಆಟದಲ್ಲಿ ಕಂಬ ಹತ್ತು ನಿಮಿಷ ಆಡಿದರೆ ಹೆಚ್ಚು. ಮಿಕ್ಕ ಹೊತ್ತು ಟವೆಲ್ಲು ಹೊದ್ದು ಆಕೆಯ ಮೊಣಕಾಲಿನ ಎದುರಿಗೇ ಕೂತಿರುತ್ತಿದ್ದ, ಹಿಂದಕ್ಕೆ ಬಾಗಿ ಮಾತಾಡುತ್ತಿದ್ದ.

"ಆ ಗಡ್ಡದವನನ್ನ ನೋಡು. ಈಗ ಎಡಗಡೆಗೆ ತಿರುಗ್ತಾನೆ."

ಗಡ್ಡದವನು ಎಡಗಡೆಗೆ ತಿರುಗಿದ.

"ನಿಮಗೆ ಹೇಗೆ ಗೊತ್ತಾಯ್ತು?"

"ಬಲಗಾಲು ಮೊದಲು ಅಲುಗತ್ತೆ. ಎಲ್ಲರಿಗೂ ಒಂದೊಂದು ಇರತ್ತೆ. ಸುಳ್ಳು ಹೇಳೋ ಮುಂಚೆ ನೀನು ಕನ್ನಡಕ ಮುಟ್ಕೋತೀಯ."

ಕನ್ನಡಕದವರೆಗೆ ಹೋಗಿದ್ದ ಕೈಯನ್ನು ಆಕೆ ಮೆಲ್ಲಗೆ ಇಳಿಸಿದಳು.

ಮೂರು ವಾರ, ಆರು ಪಂದ್ಯ. ಇಷ್ಟು ವರ್ಷಗಳಲ್ಲಿ ಅವನು ಇಷ್ಟು ಮಾತಾಡಿದ್ದು ಆಕೆಗೆ ನೆನಪಿಲ್ಲ. ಸೀಟಿ ಸರ್ "ಕಂಬ, ಏಳು" ಎಂದಾಗಲೆಲ್ಲ ಅರ್ಧ ಮಾತು ಆಕೆಯ ಬಳಿ ಉಳಿದುಬಿಡುತ್ತಿತ್ತು. ಉಳಿದರ್ಧ ಯಾವಾಗ ಬಂದೀತೆಂದು ಆಕೆ ಗಡಿಯಾರ ನೋಡುತ್ತಿದ್ದಳು. ಗಡಿಯಾರ ನೋಡುವುದು ಲೆಕ್ಕಕ್ಕೂ ಬೇಕಿತ್ತಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ, ಆಕೆಗೂ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಫಲಿತಾಂಶ ಹೊರಬಿತ್ತು. ಪಂದ್ಯಕ್ಕೆ ಇಪ್ಪತ್ತು ಅಂಕ ಸಿಡಿಸುವ, ಹುಡುಗಿಯರೆಲ್ಲ ಚಪ್ಪಾಳೆ ಹೊಡೆಯುವ ಪಟಾಕಿ ಎಂಬವನಿಗೆ ಮೈನಸ್ ನಾಲ್ಕು. ಕಂಬನಿಗೆ ಪ್ಲಸ್ ಹನ್ನೊಂದು. ಜೊತೆಗಾರರ ಪುಣ್ಯದಿಂದ ಬಂದಿರಬೇಕೆಂದು ಆಕೆ ಜೊತೆಗಾರರ ಪಾಲನ್ನು ಇನ್ನೂ ಬಿಗಿಯಾಗಿ ಕಳೆದಳು. ಹದಿನಾಲ್ಕಾಯಿತು.

ಎದುರಿಗೆ ಬಟಾಣಿ ಸುಲಿಯುತ್ತಿದ್ದ ಅತ್ತೆ ಕೇಳಿದರು: "ಹಾಳೆ ಮೇಲೆ ಯಾಕಮ್ಮ ಅಷ್ಟು ಸಿಟ್ಟು?"

"ನಿಮ್ಮ ಮಗ ಏನೂ ಮಾಡಲ್ಲ ಅತ್ತೆ. ಏನೂ ಮಾಡದೆ ತಂಡಾನ ಗೆಲ್ಲಿಸ್ತಿದಾರೆ."

"ಅವರಪ್ಪನೂ ಹಾಗೇ. ಮೂಲೇಲಿ ಸುಮ್ನೆ ಕೂತಿರೋರು. ಅವರು ಮನೇಲಿಲ್ಲದ ದಿನವೇ ಹಾಲು ಉಕ್ಕೋದು, ಮಕ್ಕಳು ಬೀಳೋದು."

ಆಕೆ ಪೆನ್ಸಿಲ್ ಹಿಡಿದು ಕೂತಳು. ಹದಿನಾಲ್ಕರ ಹಿಂದಿನ ಕೂಡು ಚಿಹ್ನೆಯಿಂದ ಒಂದು ಸಣ್ಣ ಗೆರೆ ಅಳಿಸಿದರೆ ಮುಗಿಯಿತು, ಸಂಜೆಗಳೆಲ್ಲ ಆಕೆಯವು. ರಬ್ಬರೂ ಕೈಗೆಟುಕುವಲ್ಲೇ ಇತ್ತು. ಆದರೆ ಎಲ್ಲರೂ ಕಂಬವೆಂದು ನಗುತ್ತಿದ್ದ ಮನುಷ್ಯನ ಬಗ್ಗೆ ಕಾಗದದ ಮೇಲೆ ಮೊದಲ ಸಲ ಒಂದು ಒಳ್ಳೆಯ ಮಾತು ಮೂಡಿತ್ತು, ಅದೂ ಆಕೆಯದೇ ಕೈಬರಹದಲ್ಲಿ. ರಬ್ಬರನ್ನು ಡ್ರಾಯರಿಗೆ ಹಾಕಿದಳು.

ಸಂಜೆ ಹಾಳೆಯನ್ನು ಮೊದಲು ಅವನಿಗೇ ತೋರಿಸಿದಳು.

"ಇದು ನಾನಾ?"

"ನೀವೇ."

ಅವನು ಬಹಳ ಹೊತ್ತು ನೋಡಿದ. "ಎದುರಾಳಿಗೆ ಅಡ್ಡ ನಿಂತು ನಮ್ಮವರಿಗೆ ದಾರಿ ಮಾಡಿಕೊಡೋದು ಯಾರಿಗೂ ಕಾಣಲ್ಲ ಅನ್ಕೊಂಡಿದ್ದೆ," ಎಂದ. ಆಮೇಲೆ ಮುಖ ತೊಳೆಯಲು ಹೋದ. ಮುಖವನ್ನು ಆಗಲೇ ತೊಳೆದಾಗಿತ್ತು.

ಮಾರನೆಯ ದಿನ ಸೀಟಿ ಸರ್ ಹಾಳೆಯನ್ನು ಮೂರು ಸಲ ಓದಿದರು. "ಇಂಥವನನ್ನ ಬೆಂಚಿಗೆ ಕಟ್ಟಿಹಾಕಿದ್ನಲ್ಲ ಮೇಡಂ. ಇನ್ಮೇಲೆ ನಲವತ್ತು ನಿಮಿಷವೂ ಅವನೇ. ಬೆಳಗ್ಗೆ ಅಭ್ಯಾಸವನ್ನೂ ಸೇರಿಸ್ತೀನಿ. ಮತ್ತೆ ನೀವು ಮೆಟ್ಟಿಲ ಮೇಲೆ ಕೂರೋದು ಚೆಂದ ಅಲ್ಲ. ನೀವಿನ್ನು ಅಧಿಕೃತ ಅಂಕಿಅಂಶಾಧಿಕಾರಿ. ಮಧ್ಯದ ಮೇಜಿಗೆ ಬನ್ನಿ."

ಅಂತಿಮ ಸುತ್ತಿನ ಮೊದಲ ಪಂದ್ಯದಲ್ಲಿ ಆಕೆ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಮಧ್ಯದ ಮೇಜಿನಲ್ಲಿ ಕೂತಳು. ಪಕ್ಕದಲ್ಲಿ ಆಟದ ಗಡಿಯಾರ ನೋಡಿಕೊಳ್ಳುವ ಹಿರಿಯರು. ಮೇಜಿನವರ ಜೊತೆ ಆಟಗಾರರು ಮಾತಾಡುವಂತಿಲ್ಲ ಎಂಬ ನಿಯಮವನ್ನು ಅವರೇ ಓದಿ ಹೇಳಿದರು. ಬೆಂಚಿನ ಮೇಲೆ ಪಟಾಕಿ ಮುಖ ಊದಿಸಿಕೊಂಡು ಕೂತಿದ್ದ. ಕಂಬ ಓಡುತ್ತಿದ್ದ, ಅಡ್ಡ ನಿಲ್ಲುತ್ತಿದ್ದ, ಮತ್ತೆ ಓಡುತ್ತಿದ್ದ. ದಣಿಯುವ ಲಕ್ಷಣವೇ ಇಲ್ಲ.

ಆಟದ ಮೂರನೆಯ ಕಾಲುಭಾಗದಲ್ಲಿ ಹೊರಹೋಗುವ ಚೆಂಡಿನ ಹಿಂದೆ ಬಿದ್ದು ಅವನು ಮೇಜಿಗೇ ಬಂದು ಆತುಕೊಂಡ. ಆಕೆಯ ಹಾಳೆಯ ಮೇಲೆ ಎರಡು ಹನಿ ಬೆವರು ಬಿತ್ತು.

"ನಿನಗೊಂದು ವಿಷಯ ಹೇಳಬೇಕು ಅಂತಿದ್ದೆ ಕಣೇ, ಮೊನ್ನೆಯಿಂದ..."

ರೆಫರಿ ಸೀಟಿ ಊದಿದರು. ಅವನು ಓಡಿದ.

ವಿರಾಮ ಕೇಳಲು ಸೀಟಿ ಸರ್ ಮೇಜಿಗೆ ಬಂದಾಗ ಆಕೆ ತಗ್ಗಿದ ದನಿಯಲ್ಲಿ ಹೇಳಿದಳು: "ಸರ್, ಅವರಿಗೆ ಸುಸ್ತಾಗಿರಬೇಕು. ಒಂದು ಮೂರು ನಿಮಿಷ ಕೂರಿಸಿ. ಬೇಕಾದ್ರೆ ನಾನು ಹೋಗಿ ನೀರು ಕೊಡ್ತೀನಿ."

"ಕೂರಿಸಿದ್ರೆ ಮೂರು ನಿಮಿಷಕ್ಕೆ ಒಂದು ಅಂಕ ಹೋಗತ್ತೆ ಅಂತ ಬರೆದುಕೊಟ್ಟೋರು ನೀವೇ ಅಲ್ವಾ ಮೇಡಂ?"

ಆಕೆ ಕಂಬನ ಹೆಸರಿನ ಮುಂದೆ ಇನ್ನೆರಡು ಅಂಕ ಸೇರಿಸಿದಳು. ತಂಡ ಹತ್ತೊಂಬತ್ತು ಅಂಕ ಮುಂದಿತ್ತು.

"ಗೆದ್ದ ಹಾಗೇ ಅಮ್ಮ," ಎಂದರು ಗಡಿಯಾರದ ಹಿರಿಯರು, ತುಂಬು ಸಂತೋಷದಿಂದ. "ಇದನ್ನ ಗೆದ್ರೆ ನಿಮ್ಮ ಯಜಮಾನರಿಗೆ ಇನ್ನೂ ಆರು ವಾರ ಆಟ ಇದೆ."